ಉಬ್ಬು ತಗ್ಗಿನ ಎರಡು ಎಕರೆ

ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ನಮ್ಮ ಹಿತ್ತಲಲ್ಲಿ ನಿಂತು ನೋಡಿದರೆ ನೆಲದ ನಿಜ ರೂಪ ಕಾಣುತ್ತದೆ. ಹಗಲೆಲ್ಲ ಜಮಖಾನ ಹಾಸಿದ ಹಾಗೆ ಸಪಾಟಾಗಿರುವ ಹುಲ್ಲು, ಬಿಸಿಲು ಓರೆಯಾದ ಕೂಡಲೇ ಸಾಲು ಸಾಲು ನೆರಳು ಬಿಡುತ್ತದೆ. ಉಬ್ಬು, ತಗ್ಗು, ಮತ್ತೆ ಉಬ್ಬು. ಈ ಮನೆ ಕೊಳ್ಳುವ ಮುಂಚೆ ನಾವು ಬಂದು ನೋಡಿದ್ದು ಮಧ್ಯಾಹ್ನ ಹನ್ನೆರಡಕ್ಕೆ.

ನಾವಿರುವುದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಲ್ಯಾಂಕಾಸ್ಟರ್ ಕೌಂಟಿಯ ಹಳ್ಳಿ ಕಡೆ. ಮನೆ, ಗ್ಯಾರೇಜು ಬಿಟ್ಟು ಸುತ್ತ ಎರಡು ಎಕರೆ ಹುಲ್ಲು. ನಮ್ಮೂರಿನ ಲೆಕ್ಕದಲ್ಲಿ 80 ಗುಂಟೆ. ತೀರ್ಥಹಳ್ಳಿ ಕಡೆ ಇಷ್ಟು ಜಾಗದಲ್ಲಿ ಅಡಿಕೆ ಹಾಕಿ ಒಂದು ಸಂಸಾರ ಬದುಕುತ್ತದೆ. ಇಲ್ಲಿ ಬರೀ ಹುಲ್ಲು. ಅದೂ ಏಪ್ರಿಲ್ ಕೊನೆಯಿಂದ ಜೂನ್‌ವರೆಗೆ ಬೆಳೆಯುವ ರಭಸ ನೋಡಬೇಕು. ವಾರಕ್ಕೊಮ್ಮೆ ಹೊಡೆಯಲೇಬೇಕು. ಮಳೆ ಹಿಡಿದು ಒಂದು ವಾರ ತಪ್ಪಿತೋ, ಮುಂದಿನ ವಾರ ಕತ್ತರಿಸಿದ ಹುಲ್ಲು ಗುಡ್ಡೆ ಗುಡ್ಡೆಯಾಗಿ ಬಿದ್ದು ಕೆಳಗಿನದ್ದು ಹಳದಿಯಾಗುತ್ತದೆ.

ತಳ್ಳುವ ಮೋವರ್, ಅಂದರೆ ತಳ್ಳಿಕೊಂಡು ಹುಲ್ಲು ಕತ್ತರಿಸುವ ಯಂತ್ರ, ಸಾಕಾಗಲ್ವಾ ಅಂತ ಊರಿನವರು ಕೇಳುತ್ತಾರೆ. ಅದರ ಬ್ಲೇಡು ಒಂದು ಸಲಕ್ಕೆ ಕತ್ತರಿಸುವುದು 21 ಇಂಚು. ಎರಡು ಎಕರೆ ಮುಗಿಯಲು ಕಮ್ಮಿ ಅಂದರೂ 15 ಕಿಲೋಮೀಟರ್ ನಡೆಯಬೇಕು. ಪ್ರತಿ ವಾರ. ಹಾಗಾಗಿ ಕೂತು ಓಡಿಸುವ ಮೋವರ್ ಬೇಕೇ ಬೇಕು. ಯಾವುದು ಅನ್ನುವುದಷ್ಟೇ ಪ್ರಶ್ನೆ. ನಾನು ಈ ಪ್ರಶ್ನೆಗೆ ಎರಡು ಸಲ ಉತ್ತರ ಹುಡುಕಿದೆ. ಮೊದಲ ಸಲ ಗಾಡಿ ನೋಡಿಕೊಂಡು, ಎರಡನೇ ಸಲ ನೆಲ ನೋಡಿಕೊಂಡು.

ಮೊದಲು ತಂದಿದ್ದು ಒಂದು ಝೀರೋ ಟರ್ನ್. ಸ್ಟೀರಿಂಗ್ ಚಕ್ರ ಇರುವುದಿಲ್ಲ, ಎರಡು ಉದ್ದನೆಯ ಹಿಡಿಕೆ ಇರುತ್ತವೆ. ಎಡದ ಹಿಡಿಕೆ ಗಾಡಿಯ ಹಿಂದಿನ ಎಡ ಗಾಲಿಗೆ, ಬಲದ್ದು ಬಲ ಗಾಲಿಗೆ. ಒಂದನ್ನು ಮುಂದೆ ತಳ್ಳಿ ಇನ್ನೊಂದನ್ನು ಹಿಂದೆ ಎಳೆದರೆ ನಿಂತಲ್ಲೇ ಬುಗುರಿಯ ಹಾಗೆ ತಿರುಗುತ್ತದೆ. ಡೆಕ್ ಅಂದರೆ ಬ್ಲೇಡುಗಳಿರುವ ಅಗಲದ ಪೆಟ್ಟಿಗೆ, ಅದು 54 ಇಂಚು. ಊರು ಬಿಟ್ಟು ಹೋಗುತ್ತಿದ್ದವರು ಮಾರಿದ್ದು. ಅವರ ಅಂಗಳ ಚಪ್ಪಟೆ. ಅಲ್ಲಿ ಒಂದು ಸುತ್ತು ಹೊಡೆದಾಗ ಬೆಣ್ಣೆಯಲ್ಲಿ ಚಾಕು ಆಡಿಸಿದ ಹಾಗಿತ್ತು. ಅಲ್ಲೇ ದುಡ್ಡು ಕೊಟ್ಟೆ.

ಮನೆಗೆ ತಂದು ಓಡಿಸಿದ ಮೊದಲ ದಿನವೇ ಹಿತ್ತಲ ತುಂಬ ಅರ್ಧಚಂದ್ರದ ಹಾಗೆ ಬೋಳು ಗುರುತು. ಹುಲ್ಲು ಬುಡಸಮೇತ ಹೋಗಿ ಕಂದು ಮಣ್ಣು ಕಾಣುತ್ತಿತ್ತು. ಇಲ್ಲಿಯವರು ಇದಕ್ಕೆ ಸ್ಕ್ಯಾಲ್ಪ್ ಆಗುವುದು ಅನ್ನುತ್ತಾರೆ. ತಗ್ಗಿನಲ್ಲಿ ಮಾತ್ರ ಹುಲ್ಲು ಜುಟ್ಟಿನ ಹಾಗೆ ಹಾಗೇ ನಿಂತಿತ್ತು. ರಾತ್ರಿ ಸೊಂಟ ಹಿಡಿದುಕೊಂಡಿತು.

ಯಾಕೆ ಹೀಗೆ ಅಂತ ನಿಧಾನವಾಗಿ ಅರ್ಥವಾಯಿತು. ಒಂದು ಉದ್ದನೆಯ ಮಣೆಯನ್ನು ಕಲ್ಲು ಹಾಸಿನ ಮೇಲೆ ಎಳೆದುಕೊಂಡು ಹೋಗಿ ನೋಡಿ. ಮಣೆ ಉದ್ದವಾದಷ್ಟೂ ಉಬ್ಬಿಗೆ ತಾಗುತ್ತದೆ, ತಗ್ಗಿನ ಮೇಲೆ ತೇಲಿ ಹೋಗುತ್ತದೆ. ಅಗಲದ ಡೆಕ್ ಮಾಡುವುದೂ ಇದನ್ನೇ. ಇದರ ಜೊತೆಗೆ ಮುಂದಿನ ಗಾಲಿಗಳ ಸಮಸ್ಯೆ. ಝೀರೋ ಟರ್ನಿನ ಮುಂದಿನ ಗಾಲಿ ಆಫೀಸು ಕುರ್ಚಿಯ ಗಾಲಿಯ ಹಾಗೆ, ತನ್ನಷ್ಟಕ್ಕೆ ತಿರುಗುವಂಥದ್ದು. ಚಿಕ್ಕದು. ನನ್ನ ಗಾಡಿಯಲ್ಲಿ ಅವು ಗಟ್ಟಿ ಚೌಕಟ್ಟಿಗೆ ನೇರವಾಗಿ ಕೂತಿದ್ದವು. ನೆಲ ಡೊಂಕಾದರೆ ಮೂರು ಗಾಲಿ ನೆಲದ ಮೇಲೆ, ಒಂದು ಗಾಳಿಯಲ್ಲಿ. ಕಾಲು ಕುಂಟುವ ಮೇಜಿನ ಹಾಗೆ.

ಅದು ಎಷ್ಟು ಅಪಾಯ ಅನ್ನುವುದು ಜೂನ್ ತಿಂಗಳ ಒಂದು ಬೆಳಗ್ಗೆ ಗೊತ್ತಾಯಿತು. ಹಿತ್ತಲ ಕೊನೆಯಲ್ಲಿ ನೆಲ ಒಂದು ಸಣ್ಣ ಹಳ್ಳಕ್ಕೆ ಇಳಿಯುತ್ತದೆ. ಇಬ್ಬನಿ ಇನ್ನೂ ಆರಿರಲಿಲ್ಲ. ಇಳಿಜಾರಿನಲ್ಲಿ ಅಡ್ಡಕ್ಕೆ ಹೋಗುತ್ತಿದ್ದೆ. ಒಂದು ಉಬ್ಬಿನ ಮೇಲೆ ಹಿಂದಿನ ಗಾಲಿ ಹಗುರಾಯಿತು, ಗಾಡಿ ಹಳ್ಳದ ಕಡೆ ಜಾರತೊಡಗಿತು. ಎರಡೂ ಹಿಡಿಕೆ ಎಳೆದೆ. ಏನೂ ಆಗಲಿಲ್ಲ. ಗಾಲಿಗೆ ನೆಲ ಸಿಗದಿದ್ದರೆ ಝೀರೋ ಟರ್ನಿಗೆ ಬ್ರೇಕೂ ಇಲ್ಲ, ಸ್ಟೀರಿಂಗೂ ಇಲ್ಲ. ಎರಡೂ ಕೆಲಸ ಮಾಡುವುದು ಅದೇ ಹಿಂದಿನ ಗಾಲಿಗಳು. ಒಂದು ವಿಲ್ಲೋ ಮರದ ಬುಡ ತಡೆಯಿತು. ಎಂಜಿನ್ ನಿಲ್ಲಿಸಿ ಇಳಿದ ಮೇಲೆ ಬಹಳ ಹೊತ್ತು ಕೈ ನಡುಗುತ್ತಲೇ ಇತ್ತು.

ಆ ತಿಂಗಳ ಕೊನೆಗೆ ಅಪ್ಪ ಅಮ್ಮ ಊರಿಂದ ಬಂದರು. ಮರದ ಬುಡದಲ್ಲಿ ತೊಗಟೆ ಕಿತ್ತಿದ್ದು ನೋಡಿ ಅಪ್ಪ ಏನಾಯ್ತು ಅಂತ ಕೇಳಿದರು. ಹೇಳಿದೆ. ಅವರು ಗಾಡಿ ನೋಡಲು ಗ್ಯಾರೇಜಿಗೆ ಬರಲಿಲ್ಲ. ಮಾರನೇ ದಿನ ಬೆಳಗ್ಗೆ ಬರಿಗಾಲಲ್ಲಿ ಹಿತ್ತಲಿಗೆ ಇಳಿದರು.

ಅವರು ನಡೆಯುವ ರೀತಿ ಹೇಳಬೇಕು. ಹೆಜ್ಜೆ ಎತ್ತಿ ಇಡುವುದಲ್ಲ. ಪಾದವನ್ನು ಹುಲ್ಲಿನೊಳಗೆ ಸರಿಸಿಕೊಂಡು ಹೋಗುವುದು, ಬೆರಳಿಂದ ತಡಕಾಡಿದ ಹಾಗೆ. ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗಿ, ತಿರುಗಿ ಬಂದು, ನಡುವೆ ನಿಂತರು.

“ಇದು ಉತ್ತ ನೆಲ ಕಣೋ ಮಾರಾಯ. ಸಾಲು ಕಾಲಿಗೇ ಸಿಗ್ತದೆ ನೋಡು. ಉತ್ತಾದ ಮೇಲೆ ಕೊರಡು ಹೊಡೆದು ಸಮ ಮಾಡ್ದೇ ಹಂಗೇ ಹುಲ್ಲು ಬಿತ್ತಿದಾರೆ.”

ಪಕ್ಕದ ಮನೆಯ ಹಿರಿಯರನ್ನು ಕೇಳಿದೆ. ಹೌದು, ಇಲ್ಲಿ ಮನೆ ಬರುವ ಮುಂಚೆ ಮೆಕ್ಕೆಜೋಳ ಬೆಳೆಯುತ್ತಿದ್ದರಂತೆ. ಅಷ್ಟು ವರ್ಷದ ಮೇಲೂ ನೇಗಿಲ ಸಾಲು ನೆಲದೊಳಗೆ ಉಳಿದುಕೊಂಡಿತ್ತು. ನಾನು ಎರಡು ವರ್ಷ ಅದರ ಮೇಲೆ ಕುಲುಕಾಡಿಕೊಂಡು ಓಡಾಡಿದ್ದೆ, ಸಾಲು ಅಂತ ಹೊಳೆದಿರಲಿಲ್ಲ.

ಆಮೇಲೆ ಟೊಮೆಟೊ ಗಿಡಕ್ಕೆ ಆಸರೆ ಕೊಡುವ ಕೋಲುಗಳನ್ನು ಕೇಳಿದರು. ಒಂದು ಕಟ್ಟು ಕೊಟ್ಟೆ. ಮೂರು ದಿನ ಬೆಳಗ್ಗೆ ತಿರುಗಿ ಹದಿನೇಳು ಕಡೆ ಕೋಲು ನೆಟ್ಟರು. ಒಂದು ಕಡೆ ದುಂಡಗೆ ಕುಸಿದ ಹೊಂಡ. ಹಿಂದೆ ಯಾವಾಗಲೋ ಕಡಿದ ಮರದ ಬುಡ ಒಳಗೇ ಕೊಳೆತು ಮಣ್ಣು ಕೂತದ್ದು. ಇನ್ನೆರಡು ಕಡೆ ನೆಲ ತೋಡುವ ಪ್ರಾಣಿಯಾದ ಗ್ರೌಂಡ್‌ಹಾಗ್ ಬಿಲ. ಮುಂದಿನ ಗಾಲಿ ಪೂರ್ತಿ ಇಳಿಯುವಷ್ಟು ಅಗಲ, ಮೇಲೆ ಹುಲ್ಲು ಮುಚ್ಚಿರುತ್ತದೆ. ಮತ್ತೆ ಕಲ್ಲುಗಳು. ಈ ಕಡೆ ಚಳಿಗಾಲದಲ್ಲಿ ನೆಲದ ನೀರು ಹೆಪ್ಪುಗಟ್ಟಿ ಉಬ್ಬುತ್ತದೆ, ಕರಗುತ್ತದೆ, ಮತ್ತೆ ಹೆಪ್ಪುಗಟ್ಟುತ್ತದೆ. ಪ್ರತಿ ಸಲವೂ ಒಳಗಿನ ಕಲ್ಲು ಸ್ವಲ್ಪ ಸ್ವಲ್ಪ ಮೇಲೆ ಬರುತ್ತದೆ. ಹೋದ ವರ್ಷ ಇಲ್ಲದ ಕಲ್ಲು ಈ ವರ್ಷ ಬ್ಲೇಡಿಗೆ ಸಿಗುವುದು ಹಾಗೆ.

ಕಲ್ಲಿನ ವಿಷಯ ಸಣ್ಣದಲ್ಲ. ಇಲ್ಲಿನ ಸುರಕ್ಷತೆಯ ನಿಯಮದ ಪ್ರಕಾರ ಮೋವರ್ ಬ್ಲೇಡಿನ ತುದಿ ನಿಮಿಷಕ್ಕೆ 19,000 ಅಡಿಗಿಂತ ಜೋರಾಗಿ ತಿರುಗಬಾರದು. ಗಂಟೆಯ ಲೆಕ್ಕದಲ್ಲಿ ಅದು ಸುಮಾರು 345 ಕಿಲೋಮೀಟರ್. ಆ ವೇಗದಲ್ಲಿ ಸಿಡಿದ ಒಂದು ನೆಲ್ಲಿಕಾಯಿ ಗಾತ್ರದ ಕಲ್ಲು ಏನು ಮಾಡಬಹುದು ಅಂತ ಯೋಚನೆ ಮಾಡಿ. ಹುಲ್ಲು ಹೊಡೆಯುವಾಗ ಮಕ್ಕಳು ಮನೆಯೊಳಗೇ ಇರಬೇಕು. ನನ್ನ ಮಗಳಿಗೆ ಆರು ವರ್ಷ. ತೊಡೆ ಮೇಲೆ ಕೂರಿಸಿಕೊಂಡು ಒಂದು ಸುತ್ತು ಹಾಕು ಅಂತ ಹಟ ಮಾಡುತ್ತಾಳೆ. ಅಕ್ಕಪಕ್ಕದಲ್ಲಿ ಹಾಗೆ ಕೂರಿಸಿಕೊಳ್ಳುವವರು ಇದ್ದಾರೆ. ನಾನು ಒಂದು ಸಲವೂ ಒಪ್ಪಿಲ್ಲ, ಒಪ್ಪುವುದೂ ಇಲ್ಲ. ಹದಿನಾರು ವರ್ಷ ಆಗುವ ತನಕ ಮಕ್ಕಳು ರೈಡಿಂಗ್ ಮೋವರ್ ಓಡಿಸಬಾರದು ಅಂತ ಇಲ್ಲಿನ ಮಕ್ಕಳ ವೈದ್ಯರ ಅಕಾಡೆಮಿಯೇ ಹೇಳುತ್ತದೆ.

ಅಪ್ಪ ಇನ್ನೊಂದು ಕಡೆ ನಿಂತು, “ಇಲ್ಲಿ ಹುಲ್ಲು ಯಾಕೆ ಪಟ್ಟಿ ಪಟ್ಟಿಯಾಗಿ ಜಾಸ್ತಿ ಹಸಿರು?” ಅಂದರು. ಸೆಪ್ಟಿಕ್ ಟ್ಯಾಂಕಿನ ನೀರು ಇಂಗಲು ಕೊಳವೆ ಹಾಕಿದ ಜಾಗ ಅದು. ಕೊಳವೆ ಹಾಕಿದ ಕಡೆ ಮಣ್ಣು ಕೂತು ಉದ್ದಕ್ಕೆ ತಗ್ಗಾಗಿತ್ತು. ಮಳೆ ಬಂದು ನೆನೆದಾಗ ಅಲ್ಲಿ ಭಾರದ ಗಾಡಿ ಹತ್ತಿಸಬಾರದು, ಮಣ್ಣು ಅಮುಕಿ ನೀರು ಇಂಗದ ಹಾಗಾಗುತ್ತದೆ. ಗಾಡಿಯ ತೂಕವನ್ನೂ ನೋಡಬೇಕು ಅಂತ ನನಗೆ ಆಗ ಹೊಳೆಯಿತು.

ಕೊನೆಗೆ ಹಳ್ಳದ ಇಳಿಜಾರು. ಹತ್ತು ಅಡಿ ಹಗ್ಗ ಅಳೆದು, ಮೇಲಿನ ತುದಿ ನಾನು ನೆಲಕ್ಕೆ ಒತ್ತಿ ಹಿಡಿದೆ. ಅಪ್ಪ ಕೆಳಗೆ ನಿಂತು ಇನ್ನೊಂದು ತುದಿಯನ್ನು ಮಟ್ಟಕ್ಕೆ ಎತ್ತಿ ಬಿಗಿ ಮಾಡಿದರು. ನಡುವೆ ರಸಮಟ್ಟ ನೇತು ಹಾಕಿ, ಅವರ ಕೈಯಿಂದ ನೆಲಕ್ಕೆ ಟೇಪು ಹಿಡಿದು ಅಳೆದೆವು. ಮೂರು ಅಡಿಗಿಂತ ಸ್ವಲ್ಪ ಜಾಸ್ತಿ. ಮೋವರ್ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಬರೆದಿರುವುದು 15 ಡಿಗ್ರಿ ದಾಟಬೇಡಿ ಅಂತ. ಅಂದರೆ ಹತ್ತು ಅಡಿಗೆ ಸುಮಾರು ಎರಡೂ ಮುಕ್ಕಾಲು ಅಡಿ. ನಾನು ಜಾರಿದ್ದು ಆ ಗಡಿ ದಾಟಿದ ಜಾಗದಲ್ಲಿ, ಅದೂ ಒದ್ದೆ ಹುಲ್ಲಿನ ಮೇಲೆ, ಅದೂ ಅಡ್ಡಕ್ಕೆ. ಕೂತು ಓಡಿಸುವ ಗಾಡಿ ಇಳಿಜಾರಿನಲ್ಲಿ ಮೇಲೆ ಕೆಳಗೆ ಹೋಗಬೇಕು, ಅಡ್ಡಕ್ಕೆ ಹೋಗಬಾರದು. ತಳ್ಳುವ ಮೋವರಿಗೆ ಇದು ಉಲ್ಟಾ. ಅಡ್ಡಕ್ಕೇ ಹೋಗಬೇಕು, ಕಾಲು ಜಾರಿದರೂ ಬ್ಲೇಡಿನ ಕೆಳಗೆ ಹೋಗದಿರಲಿ ಅಂತ.

ಹಗ್ಗ ಸುತ್ತುತ್ತಾ ಅಪ್ಪ ಟಿಲ್ಲರ್ ನೆನಪು ಮಾಡಿದರು. ನಮ್ಮ ಮನೆಯ ಪವರ್ ಟಿಲ್ಲರಿನ ಹ್ಯಾಂಡಲಿಗೆ ಎಡಕ್ಕೊಂದು ಬಲಕ್ಕೊಂದು ಕ್ಲಚ್ ಇತ್ತು. ಎಡದ್ದು ಒತ್ತಿದರೆ ಎಡಗಾಲಿಗೆ ಎಂಜಿನ್ ಶಕ್ತಿ ತಪ್ಪುತ್ತದೆ, ಬಲಗಾಲಿ ತಳ್ಳುತ್ತದೆ, ಟಿಲ್ಲರ್ ಎಡಕ್ಕೆ ತಿರುಗುತ್ತದೆ. ಆದರೆ ಇಳಿಜಾರಿನಲ್ಲಿ ಇಳಿಯುವಾಗ ಅದೇ ಎಡದ ಕ್ಲಚ್ ಒತ್ತಿದರೆ ಬಲಕ್ಕೆ ತಿರುಗುತ್ತದೆ. ಬಿಟ್ಟ ಗಾಲಿ ತನ್ನಷ್ಟಕ್ಕೆ ಉರುಳಿ ಮುಂದೆ ಹೋಗುತ್ತದೆ, ಎಂಜಿನ್ ಹಿಡಿದ ಗಾಲಿ ಹಿಂದೆ ಉಳಿಯುತ್ತದೆ. ಹದಿನೈದು ವರ್ಷದವನಿದ್ದಾಗ ನಾನು ಇದನ್ನು ಗದ್ದೆಯ ಏರಿಯಲ್ಲಿ ಕಲಿತಿದ್ದೆ. “ಗಾಲಿಯಲ್ಲೇ ತಿರುಗೋ ಗಾಡಿನ ಇಳುಕಲಲ್ಲಿ ನಂಬಬಾರ್ದು ಅಂತ ನಿಂಗೆ ಹೇಳಿದ್ದೆನಲ್ಲೋ,” ಅಂದರು. ಹೇಳಿದ್ದರು. ಝೀರೋ ಟರ್ನಿನ ಎರಡು ಹಿಡಿಕೆ ನೋಡಿದಾಗ ಆ ಎರಡು ಕ್ಲಚ್ ನನಗೆ ನೆನಪಾಗಬೇಕಿತ್ತು.

ಆ ಇಳಿಜಾರಿಗೆ ಯಾವ ಗಾಡಿ ತರಬೇಕು ಅಂತ ನಾನು ಕೇಳಿದೆ. ಯಾವುದೂ ಬೇಡ ಅಂದರು. ಅದೇ ಸರಿ ಅನ್ನಿಸಿತು. ನಮ್ಮ ಹಳ್ಳದ ನೀರು ಸಸ್ಕ್ವಹಾನಾ ನದಿಗೆ ಸೇರಿ ಚೆಸಪೀಕ್ ಕೊಲ್ಲಿಗೆ ಹೋಗುತ್ತದೆ. ಹೊಲದ, ಅಂಗಳದ ಗೊಬ್ಬರ ಮಣ್ಣು ಕೊಚ್ಚಿಕೊಂಡು ಹೋಗಿ ಆ ಕೊಲ್ಲಿಯ ನೀರು ಕೆಡುತ್ತಿದೆ ಅಂತ, ಹಳ್ಳದ ದಂಡೆಯಲ್ಲಿ ಗಿಡ ಮರ ಬೆಳೆಯಲು ಬಿಡಿ ಅಂತ ಇಲ್ಲಿ ಹೇಳುತ್ತಲೇ ಇರುತ್ತಾರೆ. ಏಳೆಂಟು ಗುಂಟೆ ಹಾಗೇ ಬಿಟ್ಟೆವು. ಈಗ ಅಲ್ಲಿ ಮಿಲ್ಕ್‌ವೀಡ್ ಬಂದಿದೆ. ನಮ್ಮ ಎಕ್ಕದ ಗಿಡದ ಬಳಗದ್ದೇ ಅದು, ಎಲೆ ಮುರಿದರೆ ಹಾಲು. ಮೊನಾರ್ಕ್ ಚಿಟ್ಟೆ ಮೊಟ್ಟೆ ಇಡುವುದು ಅದರ ಮೇಲೇ.

ಝೀರೋ ಟರ್ನನ್ನು ಆ ವರ್ಷ ಮನೆ ಮುಂದಿನ ಸಮ ಜಾಗದಲ್ಲಿ ಮಾತ್ರ ಓಡಿಸಿ, ಚಳಿ ಶುರುವಾಗುವ ಮುಂಚೆ ಚಪ್ಪಟೆ ಅಂಗಳದವರೊಬ್ಬರಿಗೆ ಮಾರಿದೆ. ಯಾಕೆ ಮಾರುತ್ತಿದ್ದೇನೆ ಅಂತ ಬಿಡಿಸಿ ಹೇಳಿಯೇ ಕೊಟ್ಟೆ.

ಚಳಿಗಾಲವೆಲ್ಲ ಓದುತ್ತಾ ಕೂತೆ. ಹುಲ್ಲು ಕತ್ತರಿಸುವ ಯಂತ್ರ ಹುಟ್ಟಿದ್ದೇ ಬಟ್ಟೆ ಗಿರಣಿಯ ಯಂತ್ರ ನೋಡಿ. ಇಂಗ್ಲೆಂಡಿನ ಸ್ಟ್ರೌಡ್ ಹತ್ತಿರ ಎಡ್ವಿನ್ ಬಡ್ಡಿಂಗ್ ಅನ್ನುವವನು, ಉಣ್ಣೆ ಬಟ್ಟೆಯ ಮೇಲಿನ ನೂಲಿನ ಜುಂಗು ಸವರುವ ಯಂತ್ರದಿಂದ ಉಪಾಯ ಹಿಡಿದು 1830ರಲ್ಲಿ ಪೇಟೆಂಟ್ ತೆಗೆದುಕೊಂಡ. ಬಿಗಿಯಾಗಿ ಎಳೆದು ಹಾಸಿದ ಬಟ್ಟೆಗೆ ಮಾಡಿದ ಉಪಾಯ ಅದು. ಇವತ್ತಿನ ಬ್ಲೇಡು ಬೇರೆ ಥರದ್ದು, ಆದರೂ ನೆಲ ಬಟ್ಟೆಯಷ್ಟು ಸಮ ಇದ್ದರೇ ಈ ಯಂತ್ರಕ್ಕೆ ಖುಷಿ.

ಓದಿದ್ದರಲ್ಲಿ ನನಗೆ ಬಹಳ ಉಪಯೋಗವಾದದ್ದು ಒಂದು ಸಣ್ಣ ಲೆಕ್ಕ. ಗಂಟೆಗೆ ಎಷ್ಟು ಮೈಲಿ ಅನ್ನುವುದನ್ನು ಡೆಕ್ಕಿನ ಇಂಚಿನಿಂದ ಗುಣಿಸಿ, 99ರಿಂದ ಭಾಗಿಸಿದರೆ ಗಂಟೆಗೆ ಎಷ್ಟು ಎಕರೆ ಅಂತ ಸಿಗುತ್ತದೆ. ಸುತ್ತಿನ ಮೇಲೆ ಸುತ್ತು ಬೀಳುವುದಕ್ಕೆ, ತಿರುಗುವುದಕ್ಕೆ ಅಂತ ಐದರಲ್ಲಿ ಒಂದು ಪಾಲು ಕಳೆಯಬೇಕು. ನನ್ನ ಹಿತ್ತಲಲ್ಲಿ ಮೂರು ಮೈಲಿಗಿಂತ ವೇಗ ಹೋದರೆ ಹಲ್ಲು ಹಲ್ಲಿಗೆ ಬಡಿಯುತ್ತದೆ. ಮೂರು ಮೈಲಿ ವೇಗದಲ್ಲಿ 42 ಇಂಚಿನ ಡೆಕ್ ಗಂಟೆಗೆ ಒಂದು ಎಕರೆ ಮುಗಿಸುತ್ತದೆ. 54 ಇಂಚಿನದು ಒಂದೂ ಕಾಲಿಗಿಂತ ತುಸು ಜಾಸ್ತಿ. ಎರಡು ಎಕರೆಗೆ ಉಳಿಯುವುದು ಅರ್ಧ ಗಂಟೆಯೂ ಇಲ್ಲ. ಅಷ್ಟಕ್ಕೆ ಬೋಳು ಗುರುತು, ಜಾಸ್ತಿ ತೂಕ, ಜಾಸ್ತಿ ದುಡ್ಡು. ಅಂಗಡಿಯಲ್ಲಿ ಎಷ್ಟು ಕುದುರೆ ಶಕ್ತಿ, ಎಷ್ಟು ವೇಗ ಅಂತ ಹೇಳುತ್ತಾರೆ. ಉಬ್ಬು ತಗ್ಗಿನ ನೆಲದಲ್ಲಿ ವೇಗ ತೀರ್ಮಾನ ಮಾಡುವುದು ಎಂಜಿನ್ ಅಲ್ಲ, ನಮ್ಮ ಬೆನ್ನು.

ಫೆಬ್ರವರಿ ಮಾರ್ಚಿನಲ್ಲಿ ಈ ಕಡೆ ಮಡ್ ಸೇಲ್ ನಡೆಯುತ್ತವೆ. ಹಳ್ಳಿಯ ಸ್ವಯಂಸೇವಕ ಅಗ್ನಿಶಾಮಕ ದಳಕ್ಕೆ ದುಡ್ಡು ಕೂಡಿಸಲು ಮಾಡುವ ಹರಾಜು. ಹಿಮ ಕರಗಿ ಕಾಲೆಲ್ಲ ಕೆಸರಾಗುವ ಕಾಲ, ಅದಕ್ಕೇ ಆ ಹೆಸರು. ಹಳೇ ಕಾಲದ ರೀತಿಯಲ್ಲೇ ಬದುಕುವ ಆಮಿಶ್ ಪಂಗಡದ ಹೆಂಗಸರು ಹೊಲಿದ ಕೌದಿಯ ಪಕ್ಕದಲ್ಲೇ ಕುದುರೆ ಗಾಡಿ, ನೇಗಿಲು, ಹಳೇ ಮೋವರ್. ಎರಡು ಸೇಲಿಗೆ ಹೋದೆ. ಕೊಳ್ಳಲಿಲ್ಲ. ಆದರೆ ಅಷ್ಟೊಂದು ಗಾಡಿಗಳ ಕೆಳಗೆ ಬಗ್ಗಿ ನೋಡಲು ಸಿಕ್ಕಿತು. ಮುಂದಿನ ಅಚ್ಚು ಹೇಗಿದೆ, ಡೆಕ್ ಯಾವುದಕ್ಕೆ ತೂಗು ಹಾಕಿದ್ದಾರೆ, ಡೆಕ್ಕಿನ ತಗಡು ಎಲ್ಲಿ ಕಲ್ಲಿಗೆ ಬಡಿದು ಸೊಟ್ಟಗಾಗಿದೆ.

ಏಪ್ರಿಲಿನಲ್ಲಿ ಹತ್ತಿರದ ಡೀಲರ್ ಹತ್ತಿರ ಹೋಗುವಾಗ ನಾಲ್ಕಿಂಚಿನ ಒಂದು ಮರದ ತುಂಡು ಕಾರಿನಲ್ಲಿ ಹಾಕಿಕೊಂಡೆ. ಅದರ ಮೇಲೆ ಒಂದು ಮುಂದಿನ ಗಾಲಿ ಹತ್ತಿಸಿ ನೋಡಬಹುದಾ ಅಂತ ಕೇಳಿದೆ. ಬೇಕಾದಷ್ಟು ನೋಡಿ ಅಂದರು. ಲಾನ್ ಟ್ರ್ಯಾಕ್ಟರ್ ಅಂದರೆ ಸ್ಟೀರಿಂಗ್ ಚಕ್ರ ಇರುವ, ಪುಟ್ಟ ಟ್ರ್ಯಾಕ್ಟರಿನ ಹಾಗಿರುವ ಮೋವರ್. ಅದರ ಒಂದು ಗಾಲಿ ಹತ್ತಿತು. ಮುಂದಿನ ಅಚ್ಚು ನಡುವಿನ ಒಂದೇ ಪಿನ್ನಿನ ಮೇಲೆ ತಕ್ಕಡಿಯ ಹಾಗೆ ವಾಲಿತು. ಒಂದು ಗಾಲಿ ಮೇಲೆ, ಇನ್ನೊಂದು ಕೆಳಗೆ, ನಾಲ್ಕೂ ಗಾಲಿ ಭಾರ ಹೊತ್ತೇ ಇದ್ದವು. ಡೆಕ್ ಹೆಚ್ಚು ಕಮ್ಮಿ ಮಟ್ಟವಾಗೇ ಉಳಿಯಿತು. ಅದನ್ನು ನೋಡಲು ನೆಲಕ್ಕೆ ಮಂಡಿಯೂರಿ ಕೂತಿದ್ದೆ. ಎದ್ದು ನಿಲ್ಲುವ ಹೊತ್ತಿಗೆ ಮನಸ್ಸು ಗಟ್ಟಿಯಾಗಿತ್ತು.

ಸಸ್ಪೆನ್ಷನ್ ಇರುವ ಝೀರೋ ಟರ್ನನ್ನೂ ಓಡಿಸಿ ನೋಡಿದೆ. ಫೆರಿಸ್ ಅನ್ನುವ ಕಂಪನಿ ಈ ಸಸ್ಪೆನ್ಷನ್ನಿಗೇ ಹೆಸರುವಾಸಿ, ಗಾಲಿಗಳಿಗೇ ಸ್ಪ್ರಿಂಗ್ ಇರುತ್ತವೆ. ಟೋರೋ ಅನ್ನುವ ಇನ್ನೊಂದು ಕಂಪನಿಯವರ ಮೈರೈಡ್‌ನಲ್ಲಿ ಸೀಟು ಮತ್ತು ಕಾಲಿಡುವ ಜಾಗ ಮಾತ್ರ ಸ್ಪ್ರಿಂಗ್ ಮೇಲೆ ಕೂತಿರುತ್ತದೆ. ಇದು ದೊಡ್ಡ ವ್ಯತ್ಯಾಸ. ಎರಡನೆಯದು ಬೆನ್ನು ಉಳಿಸುತ್ತದೆ, ಮೊದಲನೆಯದು ಗಾಲಿಯನ್ನೂ ನೆಲಕ್ಕೆ ಹಿಡಿದಿಡುತ್ತದೆ. ನಾಲ್ಕೈದು ಎಕರೆ ಇದ್ದು, ಉಬ್ಬು ತಗ್ಗಿದ್ದರೂ ಇಳಿಜಾರು ಇಲ್ಲದವರು ಧೈರ್ಯವಾಗಿ ಅದನ್ನು ನೋಡಬಹುದು. ನನ್ನ ಎರಡು ಎಕರೆಗೆ ಆ ಬೆಲೆ ಜಾಸ್ತಿ ಅನ್ನಿಸಿತು.

ತಂದಿದ್ದು 42 ಇಂಚಿನ ಲಾನ್ ಟ್ರ್ಯಾಕ್ಟರ್. ಹಿಂದಿನ ಗಾಲಿ 20 ಇಂಚು, ಮುಂದಿನದು 15. ಗಾಲಿ ದೊಡ್ಡದಾದಷ್ಟೂ ಹೊಂಡಕ್ಕೆ ಬೀಳದೆ ದಾಟುತ್ತದೆ. ಗೇರ್ ಹಾಕುವ ಕೆಲಸ ಇಲ್ಲ, ಕಾಲಲ್ಲೇ ವೇಗ ಹೆಚ್ಚು ಕಮ್ಮಿ ಮಾಡುವ ಹೈಡ್ರೋಸ್ಟಾಟಿಕ್. ಹೆಜ್ಜೆ ಹೆಜ್ಜೆಗೂ ನಿಧಾನ ಮಾಡಬೇಕಾದ ನೆಲದಲ್ಲಿ ಇದು ಬೇಕೇ ಬೇಕು ಅಂತ ಈಗ ನನಗೆ ಖಾತ್ರಿ. ಸೀಟು ಎತ್ತರದ ಬೆನ್ನಿನದು, ಅಡಿಯ ಸ್ಪ್ರಿಂಗನ್ನು ನನ್ನ ತೂಕಕ್ಕೆ ಹೊಂದಿಸಿಕೊಂಡೆ.

ತಂದ ಮೇಲೆ ಮಾಡಿದ ಸಣ್ಣ ಕೆಲಸಗಳೇ ಅರ್ಧ ಗೆಲುವು. ಟೈರಿನ ಗಾಳಿ ಪುಸ್ತಕದಲ್ಲಿ ಬರೆದಷ್ಟೇ ಇಟ್ಟೆ, ಮುಂದೆ 14 ಪಿಎಸ್‌ಐ, ಹಿಂದೆ 10. ಅಂಗಡಿಯಿಂದ ಬಂದಾಗ ಟೈರು ಕಲ್ಲಿನ ಹಾಗಿತ್ತು. ಡೆಕ್ಕಿನ ಅಂಚಿನ ಪುಟ್ಟ ಗಾಲಿಗಳು ನೆಲಕ್ಕೆ ತಾಗಿಕೊಂಡು ಉರುಳಬಾರದು, ಅರ್ಧ ಇಂಚು ಮೇಲೆ ಇರಬೇಕು. ಉಬ್ಬು ಬಂದಾಗ ಮಾತ್ರ ಅವು ತಾಗಿ ಡೆಕ್ಕನ್ನು ಎತ್ತಿಬಿಡುತ್ತವೆ. ಹುಲ್ಲಿನ ಎತ್ತರ ಮೂರೂವರೆ ಇಂಚಿಗೆ ಇಟ್ಟೆ. ಎತ್ತರ ಬಿಟ್ಟಷ್ಟೂ ಬೋಳು ಬೀಳುವುದು ಕಮ್ಮಿ, ಬೇರೂ ಆಳಕ್ಕೆ ಹೋಗುತ್ತದೆ. ಮತ್ತೆ, ನೇಗಿಲ ಸಾಲಿಗೆ ಓರೆಯಾಗಿ ಹೋಗುವುದನ್ನು ಕಲಿತೆ. ನೇರ ಅಡ್ಡ ಹೋದರೆ ಎರಡೂ ಗಾಲಿ ಒಟ್ಟಿಗೆ ಎಗರುತ್ತವೆ. ಓರೆಯಾಗಿ ಹೋದರೆ ಒಂದಾದ ಮೇಲೊಂದು ಹತ್ತುತ್ತವೆ, ಆ ತಕ್ಕಡಿ ಅಚ್ಚು ತನ್ನ ಕೆಲಸ ಮಾಡುತ್ತದೆ.

ಮೊದಲ ಸಲ ಎರಡು ಗಂಟೆ ಹಿಡಿಯಿತು. ಇಳಿದ ಮೇಲೆ ಸೊಂಟ ಮುಟ್ಟಿ ನೋಡಿಕೊಂಡೆ. ನೋವಿರಲಿಲ್ಲ. ಹಿತ್ತಲಲ್ಲಿ ಎರಡೇ ಎರಡು ಬೋಳು ಗುರುತು, ಎರಡೂ ಅಪ್ಪ ನೆಟ್ಟ ಕೋಲಿನ ಪಕ್ಕದಲ್ಲೇ.

ಭಾರದ ರೋಲರ್ ಹೊಡೆಸಿ ನೆಲ ಸಮ ಮಾಡಿಬಿಡಿ ಅಂತ ಹಲವರು ಹೇಳಿದರು. ನಮ್ಮದು ಜೇಡಿ ಮಣ್ಣು. ರೋಲರ್ ಹೊಡೆದರೆ ಉಬ್ಬು ಇಳಿಯುವುದಕ್ಕಿಂತ ಮಣ್ಣು ಗಟ್ಟಿಯಾಗಿ ಬೇರಿಗೆ ಗಾಳಿ ನೀರು ಸಿಗದ ಹಾಗಾಗುವುದೇ ಜಾಸ್ತಿ. ಅದರ ಬದಲು ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ, ಈ ಕಡೆ ಹುಲ್ಲು ಬಿತ್ತಲು ಹದವಾದ ಕಾಲದಲ್ಲಿ, ತಗ್ಗಿಗೆ ಮಣ್ಣು ಹಾಕುತ್ತಾ ಬಂದಿದ್ದೇನೆ. ಸಣ್ಣ ತಗ್ಗಿಗೆ ಒಂದು ಸಲಕ್ಕೆ ಅರ್ಧ ಇಂಚು ಅಷ್ಟೆ, ಹುಲ್ಲಿನ ತುದಿ ಮೇಲೆ ಕಾಣಬೇಕು. ಹೊಸ ಟ್ರ್ಯಾಕ್ಟರಿಗೆ ಪುಟ್ಟ ಗಾಡಿ ಕಟ್ಟಿ ಮಣ್ಣು ಸಾಗಿಸುತ್ತೇನೆ. ಹದಿನೇಳು ಕೋಲಿನಲ್ಲಿ ಆರನ್ನು ಕಿತ್ತಾಗಿದೆ.

ಭಾನುವಾರ ಅಪ್ಪ ವಿಡಿಯೋ ಕಾಲ್ ಮಾಡಿದಾಗ ಫೋನನ್ನು ಹಿತ್ತಲಿಗೆ ಒಯ್ಯಬೇಕು. ಮೋವರ್ ಹೇಗಿದೆ ಅಂತ ಅವರು ಕೇಳುವುದಿಲ್ಲ.

“ಆ ಮರದ ಬುಡದ ಹೊಂಡ ತುಂಬ್ತಾ?”

“ಇಲ್ಲ ಅಪ್ಪ, ಹಾಕಿದ ಮಣ್ಣು ಮಳೆಗೆ ಮತ್ತೆ ಕೂತಿದೆ.”

“ಕೂರ್ಲಿ ಬಿಡು. ಕೂತ ಮೇಲೆ ಇನ್ನೆರಡು ಬುಟ್ಟಿ ಹಾಕು. ಕೋಲು ಮಾತ್ರ ಕೀಳಬೇಡ.”